ಕಲಾವಿದರಿಗೆ ಸರ್ಕಾರದ ಸಂಬಳ: ಅಮೆರಿಕದಲ್ಲಿ ನಡೆದದ್ದೇನು?

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕ ಸರ್ಕಾರ ಕಲಾವಿದರಿಗೆ ಸುಮ್ಮನೆ ದುಡ್ಡು ಹಂಚಿತಂತೆ. ನಾವೂ ಕೇಳಬಹುದಲ್ಲ? (ಚಿತ್ರಕಲಾ ವಿದ್ಯಾರ್ಥಿ, ಮೈಸೂರು)

ಸುಮ್ಮನೆ ಹಂಚಲಿಲ್ಲ. ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ತಪ್ಪು ಕಲ್ಪನೆ. 1935ರಲ್ಲಿ ಶುರುವಾಗಿ 1943ರವರೆಗೆ ನಡೆದ ಫೆಡರಲ್ ಆರ್ಟ್ ಪ್ರಾಜೆಕ್ಟ್ ಎಂಬ ಸರ್ಕಾರಿ ಉದ್ಯೋಗ ಯೋಜನೆಯಲ್ಲಿ ಬಹುಪಾಲು ಕಲಾವಿದರು ಮೊದಲು ತಮ್ಮ ಬಡತನವನ್ನು ಸಾಬೀತು ಮಾಡಿ ಪರಿಹಾರದ ಪಟ್ಟಿಗೆ ಸೇರಬೇಕಿತ್ತು. ಆಮೇಲೆ ಕೆಲಸಕ್ಕೆ ತಕ್ಕ ದರ್ಜೆ. ನ್ಯೂಯಾರ್ಕಿನಲ್ಲಿ ವಾರಕ್ಕೆ ಸುಮಾರು 24 ಡಾಲರ್ ಸಿಗುತ್ತಿತ್ತು. ಮನೆಯಲ್ಲೇ ಕೂತು ಕ್ಯಾನ್ವಾಸ್ ಮಾಡುವವರೂ ಒಂದಷ್ಟು ಕಾಲ ಬೆಳಗ್ಗೆ ಬಂದು ಹಾಜರಿ ಹಾಕಬೇಕಿತ್ತು. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಭಿತ್ತಿಚಿತ್ರ ಬರೆಯುವುದಾದರೆ ಮೊದಲು ಕರಡು ಒಪ್ಪಿಗೆಯಾಗಬೇಕು. ಕೂಲಿ ಸರ್ಕಾರದ್ದು, ಸಾಮಗ್ರಿಯ ಖರ್ಚು ಸಾಮಾನ್ಯವಾಗಿ ಆ ಸಂಸ್ಥೆಯದು. ಬರೆದ ಚಿತ್ರ ಸರ್ಕಾರದ ಆಸ್ತಿ.

ಎಡವಟ್ಟಾದದ್ದು ಕೊನೆಯಲ್ಲಿ. ಚಿತ್ರಗಳನ್ನು ಮುಂದೆ ಯಾರು ಕಾಪಾಡಬೇಕೆಂದು ಗಟ್ಟಿಯಾಗಿ ಬರೆದಿಡಲಿಲ್ಲ. ಯೋಜನೆ ಮುಚ್ಚಿದಾಗ ನ್ಯೂಯಾರ್ಕಿನ ಗೋದಾಮಿನಲ್ಲಿದ್ದ ಕ್ಯಾನ್ವಾಸ್‌ಗಳು ಗುಜರಿ ಬಟ್ಟೆಯ ಲೆಕ್ಕದಲ್ಲಿ ತೂಕಕ್ಕೆ ಹೋದವು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಜಿಲ್ಲಾ ಪಂಚಾಯತಿಗೋ ಪಾಲಿಕೆಗೋ ಮನವಿ ಕೊಡುವವರು 'ಕಲಾವಿದರಿಗೆ ನೆರವು ಕೊಡಿ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಶಾಲೆಯ ಯಾವ ಗೋಡೆ, ಎಷ್ಟು ಚದರಡಿ, ಎಷ್ಟು ಆಳು, ಎಷ್ಟು ದಿನದ ಕೂಲಿ ಎಂದು ಬರೆಯಿರಿ. ಬಣ್ಣ, ಪ್ರೈಮರ್, ಸಾರವೆ ಬೇರೆ ಬಾಬ್ತಿನಲ್ಲಿರಲಿ. ಕೂಲಿಯಲ್ಲಿ ಸೇರಿಸಿದರೆ ಬಣ್ಣ ಕೊಂಡು ಉಳಿದದ್ದೇ ನಿಮ್ಮ ಸಂಬಳವಾಗುತ್ತದೆ. ಹೊಸ ಸಿಮೆಂಟ್ ಗಾರೆಯಾದರೆ ಕೆಲಸ ಶುರುವಾಗುವ ಮುಂಚೆ 28 ದಿನ ಬಿಡಬೇಕೆಂದು ಅದರಲ್ಲೇ ಸೇರಿಸಿ. ಉದ್ಘಾಟನೆಯ ಅವಸರಕ್ಕೆ ಹಸಿ ಗೋಡೆಯ ಮೇಲೆ ಅಕ್ರಿಲಿಕ್ ಹಚ್ಚಿದರೆ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ, ಬೈಗುಳ ನಿಮಗೆ. ಮುಖ್ಯೋಪಾಧ್ಯಾಯರನ್ನು ಕೇಳದೆ ಯಾರೂ ಸುಣ್ಣ ಬಳಿಯಬಾರದು, ಶಾಲೆಯ ಆಸ್ತಿ ವಹಿಯಲ್ಲಿ ಚಿತ್ರ ನಮೂದಾಗಬೇಕು. ಇವೆರಡಿಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಅಲ್ಲಿನ ಅಂಚೆ ಕಚೇರಿಗಳ ಭಿತ್ತಿಚಿತ್ರಗಳೂ ಇದೇ ಯೋಜನೆಯವೇ? (ಮದ್ದೂರು)

ಅಲ್ಲ. ಅವು ಖಜಾನೆ ಇಲಾಖೆಯವು, ಬಹುಪಾಲು ಸ್ಪರ್ಧೆಯ ಮೂಲಕ ಆರಿಸಿದವು. ಹಾಗೆ ಆರಿಸಿದವರು ಬಡತನ ತೋರಿಸಬೇಕಿರಲಿಲ್ಲ.

ಮಾಸಾಶನ ಮಾಡಿಸಿಕೊಡುತ್ತೇನೆಂದು ಒಬ್ಬರು 5,000 ರೂಪಾಯಿ ಕೇಳುತ್ತಿದ್ದಾರೆ. ಕೊಡಲೇ? (ಸೋಬಾನೆ ಹಾಡುವವರು, ಮಂಡ್ಯ)

ಬಿಡಿಗಾಸೂ ಕೊಡಬೇಡಿ, ಆಧಾರ್ ಪ್ರತಿಯನ್ನೂ ಕೊಡಬೇಡಿ. ಕಾರ್ಯಕ್ರಮದ ಪ್ರಮಾಣಪತ್ರ, ಕರಪತ್ರ, ಫೋಟೊ ತೆಗೆದುಕೊಂಡು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ನೀವೇ ಹೋಗಿ.