ಅಪ್ಪಯ್ಯನ ನೋಟ್‌ಬುಕ್ಕು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹದಿನಾಲ್ಕು ವರ್ಷದ ಮಗನ ಜೊತೆ ಶಿವಮೊಗ್ಗಕ್ಕೆ, ಕೌನ್ಸೆಲರ್ ಆದ ನನ್ನ ಹತ್ತಿರ ಬಂದಿದ್ದರು. ಹುಡುಗ ಓಡಿಸೋದು ಕಾರ್ಟ್, ಅಂದರೆ ಪುಟ್ಟ ರೇಸ್ ಗಾಡಿ. ಕಾರ್ಟಿಂಗ್‌ಗೆಂದು ತಿಂಗಳಿಗೆ ಎರಡು ಸಲ ಶುಕ್ರವಾರ ರಾತ್ರಿ ಅಪ್ಪ, ಮಗ ಬೆಂಗಳೂರು ಬಸ್ ಹತ್ತುತ್ತಾರೆ. ಈಚೆಗೆ ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಹುಡುಗನಿಗೆ ವಾಂತಿ. ಹೊಟ್ಟೆಗೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು.

ಮಾತೆಲ್ಲ ಅಪ್ಪನದೇ. "ಫಾರ್ಮುಲಾ 1 ರೇಸರ್ ಹ್ಯಾಮಿಲ್ಟನ್ ಅಪ್ಪ ಮಗನ ಕಾರ್ಟಿಂಗ್‌ಗೆ ಅಂತ ಮೂರ್ನಾಲ್ಕು ಕೆಲಸ ಮಾಡ್ತಿದ್ರಂತೆ ಮೇಡಂ. ಒಕಾನ್ ಅಂತ ಇನ್ನೊಬ್ಬ ರೇಸರ್, ಅವನ ಮನೆಯವರು ಮನೆ ಮಾರಿ ಕ್ಯಾರವಾನ್‌ನಲ್ಲಿ ಇದ್ರಂತೆ. ನಾನು ತೋಟ ಅಡ ಇಡ್ತೀನಿ ಅಂದ್ರೆ ಇವನ ಅಮ್ಮ ಅಳ್ತಾಳೆ." ಕಾರ್ಟ್ ಆದ ಮೇಲೆ ರೇಸ್ ಕಾರಿನ ಮೊದಲ ಮೆಟ್ಟಿಲು ಫಾರ್ಮುಲಾ 4, ತುದಿಯ ಮೆಟ್ಟಿಲು ಫಾರ್ಮುಲಾ 1. ಫಾರ್ಮುಲಾ 4ಕ್ಕೆ ಇಳಿಯಲು 15 ವರ್ಷ ತುಂಬಿರಬೇಕು. ಅದಕ್ಕೆ ಎಂಟೇ ತಿಂಗಳು ಉಳಿದಿದೆ ಅನ್ನೋದು ಅವರ ಅವಸರ. ಮನೆ ಮಾರಿಯೂ ರೇಸ್ ತಂಡದಲ್ಲಿ ಸೀಟು ಸಿಗದವರ ಕಥೆ ಇವರ ಕಿವಿಗೆ ಬಿದ್ದಿರಲಿಲ್ಲ, ಅಷ್ಟೇ.

ಅಪ್ಪನನ್ನು ಹೊರಗೆ ಕೂರಿಸಿದೆ. ಹುಡುಗ ಹತ್ತು ನಿಮಿಷ ತುಟಿ ಬಿಚ್ಚಲಿಲ್ಲ. "ನಿಂಗೆ ಯಾವ ತಿರುವು ಕಷ್ಟ?" ಅಂತ ಕೇಳಿದ್ದೇ ತಡ, ಬೆರಳನ್ನು ನೀರಲ್ಲಿ ಅದ್ದಿ ನನ್ನ ಮೇಜಿನ ಮೇಲೆ ಇಡೀ ಟ್ರ್ಯಾಕ್ ಬರೆದ. ಎಲ್ಲಿ ಬ್ರೇಕ್, ಎಲ್ಲಿ ಬಿಡೋದು, ಎಲ್ಲ ಹೇಳಿದ. ಫಾರ್ಮುಲಾ 1 ಓಡಿಸೋಕೆ ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ಸೀಸನ್‌ನಲ್ಲಿ 40 ಪಾಯಿಂಟ್ ಬೇಕು ಅಂದ. ವರ್ಸ್ಟಾಪೆನ್ 2015ರಲ್ಲಿ 17ಕ್ಕೇ ಫಾರ್ಮುಲಾ 1ಕ್ಕೆ ಬಂದ ಮೇಲೆ ವಯಸ್ಸಿನ ನಿಯಮ 18 ಮಾಡಿದ್ರು ಅಂದ. ಇವನಿಗೆ ಓಡಿಸೋದು ಇಷ್ಟವಿಲ್ಲ ಅಂತ ನಾನು ಮೊದಲು ಅಂದುಕೊಂಡಿದ್ದೆ. ತಪ್ಪು ಊಹೆ.

ಆಮೇಲೆ ಅಂಗಿ ಎತ್ತಿ ತೋರಿಸಿದ. ಕಾರ್ಟ್ ಸೀಟಿನ ಅಂಚು ಒತ್ತಿ ಒತ್ತಿ ಪಕ್ಕೆ ಕಪ್ಪುಗಟ್ಟಿತ್ತು.

"ಪಕ್ಕೆಗೆ ಗಾರ್ಡ್ ಹಾಕೋದಿಲ್ವಾ?"

"ಚಿಕ್ಕದಾಗಿದೆ. ಹೊಸದು ಕೇಳಿದ್ರೆ ಅಪ್ಪಯ್ಯ ಅದನ್ನೂ ಬುಕ್ಕಲ್ಲಿ ಬರೀತಾರೆ."

ಟೈರು, ಪೆಟ್ರೋಲು, ಎಂಟ್ರಿ ಫೀಸು, ಬಸ್ ಚಾರ್ಜು, ಎಲ್ಲ ಆ ನೋಟ್‌ಬುಕ್ಕಿನಲ್ಲಿದೆ. ಪುಟದ ಕೊನೆಗೆ ಕೆಂಪು ಇಂಕಿನಲ್ಲಿ ಮೊತ್ತ. ಬಸ್ಸಿನಲ್ಲಿ ಅಪ್ಪಯ್ಯ ಮೊಬೈಲ್ ಟಾರ್ಚ್ ಹಿಡಿದು ಅದನ್ನೇ ಕೂಡುತ್ತಾರೆ. ಪಕ್ಕದ ಸೀಟಿನಲ್ಲಿ ಈ ಹುಡುಗ ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಾನೆ. ಮೊತ್ತ ಅವನಿಗೆ ರೂಪಾಯಿ ಲೆಕ್ಕದಲ್ಲಿ ಬಾಯಿಪಾಠ.

ಗಂಡ ಹೆಂಡತಿ ಇಬ್ಬರನ್ನೂ ಮುಂದಿನ ವಾರ ಕರೆಸಿದೆ. ಮೊದಲು ಪಕ್ಕೆಯನ್ನು ಡಾಕ್ಟರಿಗೆ ತೋರಿಸಿ, ಹೊಸ ಗಾರ್ಡ್ ಕೊಡಿಸಿ ಅಂದೆ. ಲೆಕ್ಕ ಬರೆಯಿರಿ, ಆದರೆ ನೋಟ್‌ಬುಕ್ಕು ಇನ್ನು ಅಮ್ಮನ ಬೀರುವಿನಲ್ಲಿರಲಿ. ಬಸ್ಸಿನಲ್ಲಿ ದುಡ್ಡಿನ ಮಾತೇ ಬೇಡ. ಎರಡು ತಿಂಗಳು ರೇಸ್ ಬಿಟ್ಟು ಬರೀ ಪ್ರಾಕ್ಟೀಸ್. ಹೋಗೋದು ಬಿಡೋದು ಆ ಶುಕ್ರವಾರ ಅವನೇ ಹೇಳಲಿ.

ತೋಟದ ವಿಷಯಕ್ಕೆ ಮಾತ್ರ ನಾನು ಜಾಸ್ತಿ ಹೊತ್ತು ಕೂತೆ. ಎಲೆಚುಕ್ಕಿ ರೋಗ ಹೊಕ್ಕ ತೋಟವನ್ನು ಅಡ ಇಟ್ಟು ಸಾಲ ತೀರಿಸೋದು ಯಾವುದರಿಂದ? 2025ರಲ್ಲಿ ಫಾರ್ಮುಲಾ 1ರಲ್ಲಿ ಇದ್ದದ್ದು 20 ಸೀಟು. ಅಲ್ಲಿ ರೇಸ್ ಓಡಿಸಿದ ಭಾರತೀಯರು ಇಬ್ಬರೇ, 2005ರಲ್ಲಿ ಬಂದ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಬಂದ ಕರುಣ್ ಚಂದೋಕ್. ಇದನ್ನು ಹೆದರಿಸೋಕೆ ಹೇಳಲಿಲ್ಲ. ಸೀಸನ್‌ಗೆ ಮೊದಲೇ ಇಬ್ಬರೂ ಕೂತು ಒಂದು ಮೊತ್ತ ಗೊತ್ತು ಮಾಡಿ, ಅದು ಮುಗಿದರೆ ಆ ವರ್ಷಕ್ಕೆ ಮುಗೀತು, ಕೈಸಾಲವೂ ಬೇಡ ಅಂದೆ. ರೇಸ್ ಅಂದರೆ ಫಾರ್ಮುಲಾ 1 ಒಂದೇ ಅಲ್ಲ, ನಮ್ಮ ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲೇ ಕಾರ್ ರ‍್ಯಾಲಿ ನಡೆಯುತ್ತೆ, ಏಷ್ಯಾ ಪೆಸಿಫಿಕ್ ರ‍್ಯಾಲಿ ಗೆದ್ದ ಗೌರವ್ ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು ಅಂತಲೂ ನೆನಪಿಸಿದೆ. ಅಪ್ಪನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಹೊರಡುವಾಗ, ನೀವೂ ಒಂದ್ಸಲ ಬಾಡಿಗೆ ಕಾರ್ಟ್ ಓಡಿಸಿ ನೋಡಿ ಅಂದಿದ್ದೆ, ಸುಮ್ನೆ.

ಎರಡು ತಿಂಗಳ ಮೇಲೆ ಬಂದರು. ವಾಂತಿ ಒಂದೇ ಸಲ ಆಗಿತ್ತು. ತೋಟ ಅಡಕ್ಕೆ ಹೋಗಿಲ್ಲ; ಫಾರ್ಮುಲಾ 4ರ ಮಾತು ಎಸ್ಸೆಸ್ಸೆಲ್ಸಿ ಆದ ಮೇಲೆ ಅಂತ ನಿಂತಿದೆ. ಹುಡುಗ ನಗುತ್ತಾ ಅಪ್ಪನ ಕಡೆ ಕೈ ತೋರಿಸಿದ. "ಮೇಡಂ, ಆರೇ ಸುತ್ತು ಓಡಿಸಿದ್ದು. ಮಾರನೇ ದಿನ ಊಟಕ್ಕೆ ಕೈ ಎತ್ತೋಕಾಗ್ಲಿಲ್ಲ ಅಪ್ಪಯ್ಯನಿಗೆ."

"ಪಕ್ಕೆನೂ ನೋಯ್ತು ಮಾರಾಯ," ಅಂದರು ಅವರು.