ಹದಿಮೂರು ಮೊಟ್ಟೆಗೆ ಐದೇ ಮರಿ ಏಕೆ?

ಪ್ರಶ್ನೆ: ಏಪ್ರಿಲ್‌ನಲ್ಲಿ ನಮ್ಮ ನಾಟಿ ಹೇಂಟೆಯನ್ನು 13 ಮೊಟ್ಟೆಗೆ ಕಾವಿಗೆ ಕೂರಿಸಿದೆವು. ಎರಡು ವಾರದಿಂದ ಅಡುಗೆಮನೆಯಲ್ಲಿ ಕೂಡಿಟ್ಟ ಮೊಟ್ಟೆಗಳವು. ಐದೇ ಮರಿ ಆದವು. ಕೆಲವು ಕೊಳೆತಿದ್ದವು, ಎರಡರಲ್ಲಿ ಬಲಿತ ಮರಿ ಒಳಗೇ ಸತ್ತಿತ್ತು. ಬೇರೆ ಕೋಳಿಗಳೂ ಅದೇ ಮಂಕರಿಗೆ ಬಂದು ಮೊಟ್ಟೆ ಇಡುತ್ತಿದ್ದವು. ಹೇಂಟೆ ದಿನಾ ಎದ್ದು ಹೋಗುತ್ತಿದ್ದದ್ದೇ ಕಾರಣವೇ?

ಉತ್ತರ: ಅಲ್ಲ, ಹೇಂಟೆಯನ್ನು ದೂರಬೇಡಿ. ದಿನಕ್ಕೊಮ್ಮೆ 15–20 ನಿಮಿಷ ಎದ್ದು ಮೇದು, ನೀರು ಕುಡಿದು, ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಿ ಬರುವುದು ಅದಕ್ಕೆ ಬೇಕೇ ಬೇಕು. ಅಷ್ಟು ಹೊತ್ತಿಗೆ ಮೊಟ್ಟೆ ಕೆಡುವುದಿಲ್ಲ. ಎರಡು ದಿನವಾದರೂ ಏಳದಿದ್ದರೆ ನೀವೇ ಎತ್ತಿ ಇಳಿಸಿ. ಎತ್ತುವ ಮುನ್ನ ರೆಕ್ಕೆಯಡಿ ಕೈ ಹಾಕಿ ನೋಡಿ. ಅಲ್ಲಿ ಸಿಕ್ಕಿಕೊಂಡ ಮೊಟ್ಟೆ ಬಿದ್ದು ಒಡೆಯುತ್ತದೆ, ಅದರ ಲೋಳೆ ಉಳಿದವಕ್ಕೂ ಮೆತ್ತಿ ಕೊಳೆಸುತ್ತದೆ.

ಕೊಳೆತದ್ದಕ್ಕೆ ಮುಖ್ಯ ಕಾರಣ ಅಡುಗೆಮನೆ ಇರಬೇಕು. ಬೇಸಿಗೆಯಲ್ಲಿ ಒಲೆಯ ಬಳಿಯ ಸೆಕೆಗೆ ಭ್ರೂಣ ಅರೆಬರೆ ಬೆಳೆದು ಸಾಯುತ್ತದೆ. ಮನೆಯ ತಂಪು ಮೂಲೆಯಲ್ಲಿ, ಚೂಪು ತುದಿ ಕೆಳಗಾಗಿ, ಹೆಚ್ಚೆಂದರೆ 7 ದಿನ ಇಡಿ. ತೊಳೆಯಬೇಡಿ, ಚಿಪ್ಪಿನ ಮೇಲಿನ ಕಾಪಿನ ಪದರ ಹೋಗುತ್ತದೆ.

ಬಲಿತು ಸತ್ತ ಆ ಎರಡು, ಬಹುಶಃ ಬೇರೆ ಕೋಳಿ ಆಮೇಲೆ ಇಟ್ಟವು. 21ನೇ ದಿನ ಮೊದಲ ಮರಿಗಳು ಓಡಾಡತೊಡಗಿದರೆ ತಾಯಿ ಅವುಗಳ ಹಿಂದೆ ಇಳಿದುಬಿಡುತ್ತದೆ. ಎರಡು ಮೂರು ದಿನ ತಡವಾದ ಮೊಟ್ಟೆಗಳು ಅಲ್ಲೇ ತಣ್ಣಗಾಗುತ್ತವೆ. ಈ ನಷ್ಟ ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಒಂದು ಪೆನ್ಸಿಲ್ ಇದ್ದರೆ ಸಾಕಿತ್ತು. ಕೂರಿಸುವಾಗಲೇ ಪ್ರತಿ ಮೊಟ್ಟೆಗೂ ಗೆರೆ ಎಳೆಯಿರಿ, ಹೇಂಟೆ ಎದ್ದಾಗ ಗೆರೆಯಿಲ್ಲದ್ದನ್ನು ತೆಗೆದುಬಿಡಿ. ಸಾಧ್ಯವಿದ್ದರೆ ಹೇಂಟೆಯನ್ನು ಬೇರೆ ಕೋಣೆಯಲ್ಲೇ ಕೂರಿಸಿ.

ಮುಂದಿನ ಸಲ ಮಂಕರಿಗೆ ಎರಡು ಇಂಚು ಮರಳು, ಮೇಲೆ ಒಣಹುಲ್ಲು ಹಾಕಿ, ನಡುವೆ ತುಸು ಗುಳಿ ಮಾಡಿ. ಹೇನು ಇದೆಯೇ ಎಂದು ಪುಕ್ಕ ಬಿಡಿಸಿ ನೋಡಿ, ಹೇನಿನ ಕಾಟಕ್ಕೆ ಕಾವು ಬಿಟ್ಟೇಳುವ ಕೋಳಿಗಳಿವೆ. ಹತ್ತು ಮೊಟ್ಟೆ ಸಾಕು, ಎಲ್ಲವೂ ಮೈಯಡಿ ಮುಚ್ಚಬೇಕು. ಕತ್ತಲಾದ ಮೇಲೆ ಕೂರಿಸಿದರೆ ಗಲಾಟೆಯಿಲ್ಲದೆ ಒಗ್ಗುತ್ತದೆ. ಹತ್ತಿರ ಜೋಳ, ಭತ್ತ, ನೀರು ಇರಲಿ.

7ನೇ ರಾತ್ರಿ ಟಾರ್ಚ್ ಬಾಯಿಗೆ ಮುಷ್ಟಿ ಹಿಡಿದು, ಅದರ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಜೇಡನ ಕಾಲಿನಂತೆ ಕೆಂಪು ಎಳೆಗಳು ಕಂಡರೆ ಜೀವವಿದೆ. ಪೂರ್ತಿ ತಿಳಿಯಾಗಿದ್ದರೆ ಗೊಡ್ಡು, ಬರೀ ರಕ್ತದ ಉಂಗುರ ಕಂಡರೆ ಸತ್ತಿದೆ. ಎರಡನ್ನೂ ತೆಗೆಯಿರಿ.

18ನೇ ದಿನದಿಂದ ಮೊಟ್ಟೆ ಮುಟ್ಟಬೇಡಿ. ಒಣ ಹವೆಯಲ್ಲಿ ಒಳಪೊರೆ ಮರಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಮಂಕರಿ ಅಂಚಿನ ಮರಳಿಗೆ ಚೂರು ನೀರು ಚಿಮುಕಿಸಿ. ಚಿಪ್ಪು ಬಿರುಕು ಬಿಟ್ಟ ಮೇಲೂ ಮರಿ ಹೊರಬರಲು ಒಂದು ದಿನ ಹಿಡಿಯಬಹುದು. ಕನಿಕರಪಟ್ಟು ಸುಲಿದರೆ ರಕ್ತ ಸೋರಿ ಸಾಯುತ್ತದೆ. ಹೊಟ್ಟೆಯೊಳಗಿನ ಹಳದಿ ಭಾಗವೇ ಮೊದಲ ದಿನದ ಆಹಾರ, ಎರಡನೇ ದಿನದಿಂದ ನುಚ್ಚಕ್ಕಿ ಕೊಡಿ, ಹರಳುಕಲ್ಲು ಹಾಕಿದ ತಟ್ಟೆಯಲ್ಲಿ ನೀರು ಇಡಿ. 5–7ನೇ ದಿನ ರಾಣಿಖೇತ್ ರೋಗದ ಲಸಿಕೆಯ ಹನಿಯನ್ನು ಕಣ್ಣಿಗೆ ಹಾಕಿಸಿ.