ಕುಲಾವಿಗಿಂತ ಮೊದಲು ಕೆಲಸ ಹಂಚಿ

ದಾವಣಗೆರೆಯ ಓದುಗರೊಬ್ಬರ ಪತ್ರ: ನಮ್ಮದು ಒಂಬತ್ತು ಜನರ ಕೂಡು ಕುಟುಂಬ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಮನೆ. ಮುಂದಿನ ತಿಂಗಳು ನನಗೆ ಎರಡನೇ ಹೆರಿಗೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿರುವುದರಿಂದ ಈ ಸಲದ ಬಾಣಂತನ ಗಂಡನ ಮನೆಯಲ್ಲೇ. ಇಲ್ಲಿ ಮಗು ಎತ್ತಿಕೊಳ್ಳೋಕೆ ಎಲ್ಲರೂ ಇದ್ದಾರೆ, ಅದರ ಬಟ್ಟೆ ಒಗೆಯೋಕೆ ಒಬ್ಬರೂ ಇಲ್ಲ. ಅತ್ತೆ ಒಂದು ಹೇಳ್ತಾರೆ, ಡಾಕ್ಟರು ಇನ್ನೊಂದು. ನಾಲ್ಕು ವರ್ಷದ ಮಗಳು ಈಗಲೇ ಮಂಕಾಗಿದ್ದಾಳೆ. ಏನು ಮಾಡಲಿ?

ಸಂಪಾದಕರ ಉತ್ತರ:

ಬಟ್ಟೆ ಒಗೆಯುವ ಮಾತು ಬರೆದಿರಲ್ಲ, ನಿಮ್ಮ ಪ್ರಶ್ನೆಯೆಲ್ಲ ಅಲ್ಲೇ ಇದೆ. ತುಂಬಿದ ಮನೆಯಲ್ಲಿ ಮಗುವಿಗೆ ಯಾವ ಕೊರತೆಯೂ ಆಗುವುದಿಲ್ಲ. ಕೊರತೆ ಆಗುವುದು ಹಡೆದವಳಿಗೆ. ತವರಿನಲ್ಲಿ ಕೇಳದೇ ಸಿಗುವ ಬಿಸಿನೀರು ಇಲ್ಲಿ ಕೇಳಿದರೂ ಅರ್ಧ ಗಂಟೆ ತಡ. ಯಾರದೂ ಕೆಟ್ಟ ಮನಸ್ಸಲ್ಲ, ಇನ್ನೊಬ್ಬರು ಮಾಡ್ತಾರೆ ಅಂತ ಎಲ್ಲರೂ ಸುಮ್ನೆ ಇರುತ್ತಾರೆ ಅಷ್ಟೇ.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನಗುತ್ತೇವೆ. ಕುಲಾವಿ ಆಮೇಲೆ ನೋಡೋಣ, ಕೆಲಸವನ್ನಂತೂ ಮುಂಚೆಯೇ ಹಂಚಿಬಿಡಿ. ಒಂದು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಎಲ್ಲರೂ ಊಟಕ್ಕೆ ಕೂತಾಗ ನಿಮ್ಮ ಯಜಮಾನರೇ ಮಾತು ತೆಗೆಯಲಿ. ಸೊಸೆ ಹೇಳಿದರೆ ದೂರು ಆಗುತ್ತದೆ, ಮಗ ಹೇಳಿದರೆ ವ್ಯವಸ್ಥೆ ಆಗುತ್ತದೆ. ನಮ್ಮ ಮನೆಗಳು ಇನ್ನೂ ಹಾಗೇ ಇವೆ, ಏನು ಮಾಡುವುದು! ಬಟ್ಟೆ ಯಾರದು, ಮಗಳನ್ನು ಶಾಲೆಗೆ ಬಿಡುವುದು ಯಾರು, ರಾತ್ರಿ ಮಗು ಅತ್ತರೆ ಎದ್ದು ಎತ್ತಿಕೊಳ್ಳುವುದು ಯಾರು, ಬಂದವರಿಗೆ ಕಾಫಿ ಯಾರು? ಪ್ರತಿ ಕೆಲಸಕ್ಕೂ ಒಂದು ಹೆಸರು ಬೇಕು. ‘ಎಲ್ಲರೂ ಸೇರಿ ಮಾಡೋಣ’ ಅಂದರೆ ಕೊನೆಗೆ ಅದು ನಿಮ್ಮ ತಲೆಗೇ ಬರುತ್ತದೆ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಅದು ನಿಮ್ಮಿಂದ ಮಾತ್ರ ಆಗುವ ಕೆಲಸ. ಮಿಕ್ಕಿದ್ದನ್ನು ಯಾರು ಬೇಕಾದರೂ ಮಾಡಬಹುದು, ಅಲ್ವಾ?

ಇನ್ನು ಅತ್ತೆಯವರ ವಿಷಯ. ಎಲ್ಲದಕ್ಕೂ ಡಾಕ್ಟರನ್ನು ಮುಂದೆ ಮಾಡಬೇಡಿ. ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ಅಂಟಿನ ಉಂಡೆ, ಕಿವಿಗೆ ಸ್ಕಾರ್ಫ್, ಇವಕ್ಕೆಲ್ಲ ‘ಆಯ್ತು ಅತ್ತೆ’ ಅನ್ನಿ. ಕಾಲು ಚಾಚಿ, ಅದರ ಮೇಲೆ ಮಗುವನ್ನು ಬೋರಲು ಮಲಗಿಸಿ, ಚೊಂಬಿನಿಂದ ನೀರು ಬಿಡುತ್ತಾ ಬೆನ್ನು ತೀಡುವ ಕೈಚಳಕ ಅವರಿಗೆ ಬರುತ್ತದೆ. ನಮ್ಮ ತಲೆಮಾರಿಗೆ ಬರುವುದಿಲ್ಲ. ಅದನ್ನು ಅವರಿಗೇ ಬಿಟ್ಟುಕೊಡಿ. ಆದರೆ ಹೊಕ್ಕುಳ ಬಳ್ಳಿ ಬಿದ್ದು ಒಣಗುವ ತನಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಅಲ್ಲಿಗೆ ಅರಿಶಿನ, ಎಣ್ಣೆ ಏನೂ ಬೇಡ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದೂ ಬೇಡ.

ಬಗ್ಗಬಾರದ ಜಾಗಗಳು ಸ್ವಲ್ಪವೇ. ಹುಟ್ಟಿದ ತಕ್ಷಣ ಜೇನು ನೆಕ್ಕಿಸುವುದು ಬೇಡ. ವರ್ಷ ತುಂಬದ ಮಗುವಿನ ಹೊಟ್ಟೆಯಲ್ಲಿ ಜೇನಿನೊಳಗಿನ ಬ್ಯಾಕ್ಟೀರಿಯಾ ವಿಷ ಮಾಡಬಲ್ಲದು. ಮೊದಲ ದಿನಗಳ ಹಳದಿ ಹಾಲನ್ನು ಚೆಲ್ಲಬೇಡಿ, ಮಗುವಿಗೆ ಅದೇ ಮೊದಲ ರಕ್ಷಣೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಬಜೆ ತೇಯ್ದದ್ದೂ ಬೇಡ. ಡಾಕ್ಟರು ಬರೆದ ಔಷಧಿ ಬೇರೆ ಮಾತು. ಕಾಡಿಗೆ ಕಣ್ಣಿಗೆ ಬೇಡ, ದೃಷ್ಟಿಬೊಟ್ಟು ಇಡಲೇಬೇಕು ಅಂದರೆ ಅಂಗಾಲಿಗೆ ಇಡಲಿ. ಬಾಣಂತಿ ನೀರು ಕುಡಿದರೆ ಮೈ ಊದುತ್ತದೆ ಅನ್ನುವ ಮಾತು ಕೇಳಬೇಡಿ, ಬಾಯಾರಿದಾಗೆಲ್ಲ ಕುಡಿಯಿರಿ.

ನನಗೆ ಜಾಸ್ತಿ ಭಯ ಆಗುವುದು ಕೆಂಡದ ಬಗ್ಗೆ. ಕಿಟಕಿ ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಿದರೆ ವಿಷಗಾಳಿ ತುಂಬುತ್ತದೆ. ಅದಕ್ಕೆ ವಾಸನೆಯೂ ಇರುವುದಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಸಾಂಬ್ರಾಣಿ ಪರಿಮಳ ಮನೆಗೆ ಬೇಕೆಂದರೆ ಹಜಾರದಲ್ಲಿ ಹಾಕಲಿ.

ಇವನ್ನೆಲ್ಲ ನೀವೇ ಹೇಳಿ ಜಗಳ ಮಾಡಿಕೊಳ್ಳುವುದು ಯಾಕೆ? ಮುಂದಿನ ಚೆಕಪ್‌ಗೆ ಅತ್ತೆಯವರನ್ನೇ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ಮಗು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆದರೆ, ಅಂಗೈ ಅಂಗಾಲು ಹಳದಿಯಾದರೆ ಯಾರನ್ನೂ ಕೇಳದೇ ಆಸ್ಪತ್ರೆಗೆ ಹೊರಡಬೇಕು ಅನ್ನುವುದನ್ನೂ ಆವತ್ತೇ ಅವರ ಕಿವಿಗೆ ಹಾಕಿಸಿ.

ಮಗಳು ಮಂಕಾಗಿರುವುದಕ್ಕೆ ಕಾರಣ ನನಗೆ ಗೊತ್ತು ಅನ್ನಿಸುತ್ತದೆ. ‘ಪಾಪು ಬಂದ್ಮೇಲೆ ನಿನ್ನ ಯಾರೇ ಕೇಳ್ತಾರೆ?’ ಅಂತ ಯಾರೋ ರೇಗಿಸಿರುತ್ತಾರೆ. ದೊಡ್ಡವರಿಗೆ ಅದು ತಮಾಷೆ, ನಾಲ್ಕು ವರ್ಷದವಳಿಗೆ ಅಲ್ಲ. ಆ ಮಾತು ಮನೆಯಲ್ಲಿ ಇನ್ನು ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಅವಳ ಹಾಸಿಗೆ ಬದಲಾಯಿಸುವುದಿದ್ದರೆ ಈಗಲೇ ಬದಲಾಯಿಸಿ, ಮಗು ಬಂದ ದಿನವೇ ಬೇಡ. ಅವಳು ಆಸ್ಪತ್ರೆಗೆ ಬಂದಾಗ ನಿಮ್ಮ ಕೈ ಖಾಲಿ ಇರಲಿ, ಮಗು ತೊಟ್ಟಿಲಲ್ಲಿರಲಿ. ಮೊದಲು ಅವಳು ನಿಮ್ಮ ಪಕ್ಕ ಹತ್ತಿ ಕೂರಲಿ. ಮನೆಗೆ ಬಂದ ಮೇಲೆ ಲಂಗೋಟಿ ತಂದುಕೊಡುವ ಕೆಲಸ ಅವಳದು. ಬೇಜಾರಾಗಿ ತರದಿದ್ದರೂ ಬೈಯಬೇಡಿ.

ನೋಡಲು ಬರುವವರನ್ನು ಬೇಡ ಅನ್ನಲಾಗದು. ನೆಗಡಿ, ಕೆಮ್ಮು ಇದ್ದವರು ಬಾಗಿಲಲ್ಲೇ ನೋಡಲಿ, ಮಿಕ್ಕವರು ಕೈ ತೊಳೆದು ಬರಲಿ, ಮುತ್ತು ಕೊಡುವುದು ಬೇಡ. ಇದನ್ನು ಹೇಳುವ ಗಟ್ಟಿಗಿತ್ತಿ ನಿಮ್ಮ ಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ!

ಒಂದು ಕೆಲಸ ಮೈದುನನಿಗೆ ವಹಿಸಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯವರು ಕಳಿಸುತ್ತಾರೆ ನಿಜ, ಆದರೆ ಅಪ್ಪ ಅಮ್ಮನ ಹೆಸರಿನ ಅಕ್ಷರ ಸರಿ ಇದೆಯಾ ಅಂತ ಒಬ್ಬರು ಹೋಗಿ ನೋಡಬೇಕು. ಮಗುವಿನ ಹೆಸರು ಇಲ್ಲದೆಯೂ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಒಂಬತ್ತು ಜನ ಒಂದು ಹೆಸರಿಗೆ ಒಪ್ಪಬೇಕಲ್ಲ, ಅಷ್ಟು ಸಮಯ ಬೇಕಾಗಬಹುದು.